ಹಾಸ್ಟೆಲ್ ಕೋಣೆ ಮನಸ್ಸಿಗೆ ಒಗ್ಗದಿದ್ದಾಗ

ಪಿಯುಸಿ ಫಲಿತಾಂಶ ಬಂತು, ಸೀಟು ಸಿಕ್ಕಿತು, ಓಣಿಗೆಲ್ಲ ಪೇಢೆ ಹಂಚಿದ್ದಾಯಿತು. ಹೊಸ ಟ್ರಂಕು, ಹಾಸಿಗೆ, ಎರಡು ಡಬ್ಬಿ ಶೇಂಗಾ ಹಿಂಡಿ, ಒಂದು ಗಂಟು ಕಟಕರೊಟ್ಟಿಯೊಂದಿಗೆ ಮಗನನ್ನೋ ಮಗಳನ್ನೋ ಹಾಸ್ಟೆಲಿಗೆ ಬಿಟ್ಟು ಬಂದದ್ದೂ ಆಯಿತು. ವಾರ ಕಳೆಯುವುದರೊಳಗೆ ರಾತ್ರಿ ಹತ್ತು ಗಂಟೆಗೆ ಫೋನ್ ಬರುತ್ತದೆ. "ಅವ್ವಾ, ನನಗಿಲ್ಲಿ ಇರಾಕ ಆಗಂಗಿಲ್ಲ. ಅಪ್ಪಗ ಹೇಳು, ಬಂದು ಕರಕೊಂಡು ಹೋಗ್ಲಿ."

ಬೀಳಗಿ ತಾಲ್ಲೂಕಿನ ಅನೇಕ ಮನೆಗಳಲ್ಲಿ ಇಂಥ ಫೋನ್ ಹೊಸದೇನಲ್ಲ. ಗಲಗಲಿ, ಗಿರಿಸಾಗರ, ಅನಗವಾಡಿಯಂಥ ಊರುಗಳ ಮಕ್ಕಳಲ್ಲಿ ಕೆಲವರು ದಿನವೂ ಬಸ್ಸಿನಲ್ಲಿ ಬಾಗಲಕೋಟೆಗೆ ಹೋಗಿ ಬಂದು ಓದುತ್ತಾರೆ. ಎಂಜಿನಿಯರಿಂಗ್, ಕೃಷಿ, ನರ್ಸಿಂಗ್, ವೈದ್ಯಕೀಯ ಎಂದು ವಿಜಯಪುರ, ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿಗೆ ಹೋದವರಿಗೆ ಹಾಸ್ಟೆಲ್ ಅನಿವಾರ್ಯ. ಅಲ್ಲಿ ಗೆಳೆಯ ಒಂದು ಕಡೆ, ತಾನೊಂದು ಕಡೆ. ಇಬ್ಬರ ಕೋಣೆ ಎಂದು ಕೇಳಿ ಹೋದರೆ ಆರು ಮಂದಿಯ ಕೋಣೆ. ಕಿಟಕಿಯ ಹೊರಗೆ ಚರಂಡಿ, ಪಕ್ಕದಲ್ಲೇ ಶೌಚಾಲಯ, ಮಾತು ತಿಳಿಯದ ಊರಿನ ಸಂಗಾತಿ. ಇವೆಲ್ಲ ಸೇರಿ ಮೊದಲ ತಿಂಗಳಿನಲ್ಲೇ ಎಷ್ಟೋ ಮಕ್ಕಳು ಓದು ಬಿಟ್ಟು ಮರಳುವ ಯೋಚನೆ ಮಾಡುತ್ತಾರೆ.

"ಕೋಣೆ ಹಿಡಿಸಲಿಲ್ಲ" ಎಂಬ ಮಾತನ್ನು ದೊಡ್ಡವರು ನಕ್ಕು ತಳ್ಳಿಹಾಕಬಾರದು. ಹಾಗೆಂದು ಮರುದಿನವೇ ಬಸ್ಸು ಹತ್ತಿ ಕರೆತರಲೂಬಾರದು. ಈ ದೂರಿನಲ್ಲಿ ಯಾವುದು ದಿನ ಕಳೆದಂತೆ ಒಗ್ಗುವಂಥದು, ಯಾವುದನ್ನು ಒಂದು ದಿನವೂ ಸಹಿಸಬಾರದು ಎಂದು ಬೇರ್ಪಡಿಸಿ ನೋಡುವುದು ಮುಖ್ಯ. ಈ ವಾರ ಅದನ್ನೇ ತಿಳಿಯೋಣ.

ನಿರಾಸೆ ಇಷ್ಟು ದೊಡ್ಡದೇಕೆ?

ಕಾಲೇಜು ಸೇರುವ ಮೊದಲೇ ಹುಡುಗನ ಮನಸ್ಸಿನಲ್ಲಿ ಒಂದು ಕೋಣೆ ಸಿದ್ಧವಾಗಿರುತ್ತದೆ. ಅಲ್ಲಿ ಕಿಟಕಿಯ ಬಳಿ ಮೇಜು, ಪಕ್ಕದ ಮಂಚದಲ್ಲಿ ಊರಿನ ಗೆಳೆಯ. ನಿಜವಾದ ಕೋಣೆ ಬೇರೆಯಾಗಿದ್ದಾಗ ಆತ ಒಂದು ಕಲ್ಪನೆಯನ್ನು ಕಳೆದುಕೊಳ್ಳುತ್ತಾನೆ. ಅದೇ ವಾರದಲ್ಲಿ ಆತ ಮನೆ, ಓಣಿ, ಅವ್ವನ ಕೈ ಅಡುಗೆ, ತನ್ನ ಶಾಲೆಯಲ್ಲಿದ್ದ "ಜಾಣ" ಎಂಬ ಹೆಸರು ಎಲ್ಲವನ್ನೂ ಬಿಟ್ಟು ಬಂದಿರುತ್ತಾನೆ. ಇಷ್ಟೆಲ್ಲ ದುಃಖಕ್ಕೆ ಕೈಗೆ ಸಿಗುವ ಕಾರಣ ಕೋಣೆಯೊಂದೇ. ಆದ್ದರಿಂದ ಎಲ್ಲ ಬೇಸರವೂ ಆ ನಾಲ್ಕು ಗೋಡೆಗಳ ಮೇಲೆ ಬೀಳುತ್ತದೆ.

ಮನೆಯ ಹಂಬಲವನ್ನು ವೈದ್ಯಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. 1688ರಲ್ಲಿ ಜೊಹಾನಸ್ ಹೋಫರ್ ಎಂಬ ಸ್ವಿಸ್ ವೈದ್ಯಕೀಯ ವಿದ್ಯಾರ್ಥಿ ಬಾಸೆಲ್ ನಗರದಲ್ಲಿ ಬರೆದ ಪ್ರಬಂಧದಲ್ಲಿ, ಊರು ಬಿಟ್ಟು ಬಂದ ತರುಣರಲ್ಲಿ ಕಂಡ ಕೊರಗು, ನಿದ್ದೆಗೇಡು, ಹಸಿವಿಲ್ಲದಿರುವುದು ಇವನ್ನು ಒಂದು ಕಾಯಿಲೆಯೆಂದೇ ವರ್ಣಿಸಿದ. ಗ್ರೀಕ್ ಭಾಷೆಯ "ಮನೆಗೆ ಮರಳುವುದು" ಮತ್ತು "ನೋವು" ಎಂಬ ಎರಡು ಪದಗಳನ್ನು ಕೂಡಿಸಿ ಅದಕ್ಕೆ "ನಾಸ್ಟಾಲ್ಜಿಯಾ" ಎಂದು ಹೆಸರಿಟ್ಟ. ರೋಗಿಯನ್ನು ಊರಿಗೆ ಕಳಿಸುವುದೇ ಇದಕ್ಕೆ ಮದ್ದು ಎಂದ.

ಇಂದು ಇದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಹೊಸ ಜಾಗಕ್ಕೆ ಹೋದವರಲ್ಲಿ ಇದು ಸಹಜ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಒಂದೇ ಸಮ ಇಳಿಯದೆ ಅಲೆಯಂತೆ ಬಂದು ಹೋಗುವುದೇ ಇದರ ಸ್ವಭಾವ. ಸಂಜೆ ಹೊತ್ತು, ಭಾನುವಾರ, ಮನೆಯ ಫೋನ್ ಇಟ್ಟ ಮೇಲೆ, ಹಬ್ಬಕ್ಕೆ ಬಂದು ಮರಳಿದ ದಿನ ಜೋರಾಗುತ್ತದೆ. ಪಂಚಮಿ ಮುಗಿಸಿ ಹಾಸ್ಟೆಲಿಗೆ ಮರಳಿದ ಮಗಳು ಮತ್ತೆ ಅತ್ತರೆ ಗಾಬರಿಯಾಗಬೇಕಿಲ್ಲ.

ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ನಮ್ಮ ತಾಲ್ಲೂಕಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರು ಗೊತ್ತುಮಾಡಿದ ಜಾಗದಲ್ಲಿ, ಪರಿಚಯವಿಲ್ಲದ ನೆರೆಯವರ ನಡುವೆ ಮೊದಲ ರಾತ್ರಿ ನಿದ್ದೆ ಹೇಗೆ ಬರುತ್ತದೆ ಎಂದು ಅವರು ಬಲ್ಲರು. ಅಂಥ ಅಜ್ಜನೋ ಅಮ್ಮನೋ ಮೊಮ್ಮಗನೊಡನೆ ಆ ದಿನಗಳನ್ನು ಮಾತಾಡಿದರೆ ಅದೊಂದು ಒಳ್ಳೆಯ ಔಷಧ.

ಮನಸ್ಸು ಹಾಕುವ ತಪ್ಪು ಲೆಕ್ಕ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಮುಗಿಸುವ ವಿದ್ಯಾರ್ಥಿಗಳನ್ನು ಮುಂದಿನ ವರ್ಷಗಳಿಗಾಗಿ ಹನ್ನೆರಡು ವಸತಿಗೃಹಗಳಿಗೆ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಅವುಗಳಲ್ಲಿ ಕೆಲವಕ್ಕೆ ಒಳ್ಳೆಯ ಹೆಸರು, ಕೆಲವು ಯಾರಿಗೂ ಬೇಡ. ಎಲಿಜಬೆತ್ ಡನ್, ಟಿಮೊಥಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಈ ಹಂಚಿಕೆಯನ್ನೇ ಅಧ್ಯಯನಕ್ಕೆ ತೆಗೆದುಕೊಂಡು 2003ರಲ್ಲಿ ವರದಿ ಪ್ರಕಟಿಸಿದರು. "ಇಂಥ ಗೃಹ ಸಿಕ್ಕರೆ ಒಂದು ವರ್ಷದ ನಂತರ ನೀವು ಎಷ್ಟು ಸುಖವಾಗಿರುತ್ತೀರಿ?" ಎಂದು ಹಂಚಿಕೆಗೆ ಮೊದಲೇ ಕೇಳಿದರು. ಒಳ್ಳೆಯದು ಸಿಕ್ಕರೆ ಬಹಳ ಸುಖ, ಕೆಟ್ಟದ್ದು ಸಿಕ್ಕರೆ ಬಹಳ ದುಃಖ ಎಂದು ವಿದ್ಯಾರ್ಥಿಗಳು ಎಣಿಸಿದ್ದರು. ವರ್ಷ ಕಳೆದ ಮೇಲೆ ವಿಚಾರಿಸಿದಾಗ ಎರಡೂ ಗುಂಪಿನವರ ಸುಖದಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ.

ಕಾರಣವನ್ನೂ ಅವರು ಹುಡುಕಿದರು. ಮುಂದಿನದನ್ನು ಊಹಿಸುವಾಗ ವಿದ್ಯಾರ್ಥಿಗಳು ಕಟ್ಟಡ ಎಲ್ಲಿದೆ, ಕೋಣೆ ಎಷ್ಟು ದೊಡ್ಡದು, ಊಟದ ಮನೆ ಹೇಗಿದೆ ಎಂಬುದನ್ನೇ ತೂಗಿದ್ದರು. ಜೊತೆಗಿರುವವರೊಂದಿಗೆ ಬೆಳೆಯುವ ಸ್ನೇಹವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ದಿನನಿತ್ಯದ ಸುಖದುಃಖ ನಿಂತಿರುವುದು ಆ ಸ್ನೇಹದ ಮೇಲೆ.

ಈ ಪಾಠವನ್ನು ನಮ್ಮ ಮಕ್ಕಳಿಗೆ ಹೇಳುವಾಗ ಒಂದು ಎಚ್ಚರ ಇರಲಿ. ಹಾರ್ವರ್ಡಿನ "ಕೆಟ್ಟ" ಗೃಹದಲ್ಲೂ ನೀರು, ಬೆಳಕು, ಬಾಗಿಲಿಗೆ ಚಿಲಕ, ಶುದ್ಧ ಶೌಚಾಲಯ ಇದ್ದವು. ಅಂಥ ಮೂಲ ಅನುಕೂಲಗಳೇ ಇಲ್ಲದ ಕಡೆ "ಒಗ್ಗಿಕೋ" ಎಂದು ಉಪದೇಶ ಮಾಡುವುದು ಸರಿಯಲ್ಲ.

ಎರಡು ಪಟ್ಟಿ ಮಾಡಿ

ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಲಿ. ಎಡಕ್ಕೆ "ಹಿಡಿಸದ್ದು", ಬಲಕ್ಕೆ "ಹಾನಿ ಮಾಡುವಂಥದು" ಎಂದು ಬರೆಯಲಿ.

ಕೋಣೆ ಚಿಕ್ಕದು, ಮೂರನೆಯ ಮಹಡಿ, ಗೆಳೆಯ ಬೇರೆ ಬ್ಲಾಕಿನಲ್ಲಿ, ಸಂಗಾತಿಯ ಭಾಷೆ ಬೇರೆ, ಮೆಸ್ಸಿನಲ್ಲಿ ರೊಟ್ಟಿ ಇಲ್ಲ, ದಿನಾ ಅನ್ನ — ಇವೆಲ್ಲ ಎಡಗಡೆಯವು. ಕುಡಿಯುವ ನೀರು ಕೆಟ್ಟಿದೆ, ಬಚ್ಚಲಿಗೆ ಚಿಲಕವಿಲ್ಲ, ಗೋಡೆಯ ತಂತಿಯಿಂದ ಷಾಕ್ ಹೊಡೆಯುತ್ತದೆ, ಹಿರಿಯ ವಿದ್ಯಾರ್ಥಿಗಳು ಪೀಡಿಸುತ್ತಾರೆ, ಜಾತಿಯ ಹೆಸರಿನಲ್ಲಿ ಹೀಯಾಳಿಸುತ್ತಾರೆ, ಯಾರೋ ಮೈ ಮುಟ್ಟುತ್ತಾರೆ — ಇವು ಬಲಗಡೆಯವು.

ಎಡಗಡೆಯ ಪಟ್ಟಿಗೆ ಆರು ವಾರ ಕಾಲ ಕೊಡಿ. ಆ ಅವಧಿಯಲ್ಲಿ ಕಾಲೇಜು ಬಿಡುವ ನಿರ್ಧಾರ ಮಾತ್ರ ಬೇಡ. ಬಲಗಡೆ ಒಂದೇ ಸಾಲು ಇದ್ದರೂ ಅಂದೇ ಹೇಳಬೇಕು. ಅದಕ್ಕೆ ಆರು ದಿನವೂ ಕಾಯುವುದು ಬೇಡ.

ಹಂಚಿಕೆಯನ್ನು ಅವಮಾನವೆಂದು ತಿಳಿಯುವುದೂ ಬೇಡ. ಅರ್ಜಿ ಹಾಕಿದ ಕ್ರಮ, ಕೋರ್ಸು, ಮೀಸಲಾತಿ, ಖಾಲಿ ಮಂಚ ಇವುಗಳ ಮೇಲೆ ಕೋಣೆ ಗೊತ್ತಾಗುತ್ತದೆ. ರ‍್ಯಾಗಿಂಗ್ ತಡೆಯುವ 2009ರ ಯುಜಿಸಿ ನಿಯಮದಂತೆ ಹೊಸಬರನ್ನು ಆದಷ್ಟು ಮಟ್ಟಿಗೆ ಪ್ರತ್ಯೇಕ ಬ್ಲಾಕಿನಲ್ಲಿ ಇರಿಸಬೇಕು. ಊರಿನ ಅಣ್ಣನ ಕೋಣೆಯಲ್ಲಿ ಜಾಗ ಸಿಗದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಮೊದಲು ದೇಹವನ್ನು ನೋಡಿಕೊಳ್ಳಿ

ನಿದ್ದೆಗೆಟ್ಟು ಹಸಿದ ದೇಹಕ್ಕೆ ಎಂಥ ಕೋಣೆಯೂ ಜೈಲಿನಂತೆ ಕಾಣುತ್ತದೆ. ಹಾಸ್ಟೆಲಿನ ಬೇಸರದಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ನಿದ್ದೆ: ಈ ವಯಸ್ಸಿನವರಿಗೆ ಏಳರಿಂದ ಒಂಬತ್ತು ತಾಸು ನಿದ್ದೆ ಬೇಕು. ಆರು ಮಂದಿಯ ಕೋಣೆಯಲ್ಲಿ ಒಬ್ಬರ ದೀಪ, ಒಬ್ಬರ ಮೊಬೈಲು, ಒಬ್ಬರ ಗೊರಕೆ ಎಂದು ಐದು ತಾಸೂ ಆಗುವುದಿಲ್ಲ. ದೊಡ್ಡ ದೀಪ ಆರಿಸುವ ಹೊತ್ತನ್ನು ಎಲ್ಲರೂ ಕೂಡಿ ಗೊತ್ತುಮಾಡಿ. ಅನಂತರ ಓದುವವರು ಓದುವ ಕೊಠಡಿಗೆ ಹೋಗಲಿ, ಇಲ್ಲವೆ ಚಿಕ್ಕ ಮೇಜುದೀಪ ಬಳಸಲಿ. ಕಣ್ಣಿಗೆ ಮೆತ್ತನೆಯ ಬಟ್ಟೆ ಕಟ್ಟಿಕೊಂಡು ಮಲಗಿದರೆ ಬೆಳಕು ತೊಂದರೆ ಕೊಡದು. ಸಂಜೆಯ ನಂತರ ಚಹಾ, ಕಾಫಿ ಬೇಡ. ಮನೆಯ ಫೋನನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳದೆ ಸಂಜೆಯೇ ಮುಗಿಸಿದರೆ ಅತ್ತುಕೊಂಡು ಮಲಗುವುದು ತಪ್ಪುತ್ತದೆ.

ಊಟ: ಜೋಳದ ರೊಟ್ಟಿ, ಪಲ್ಯ, ಮೊಸರು ಉಂಡು ಬೆಳೆದ ಹೊಟ್ಟೆಗೆ ಮೆಸ್ಸಿನ ಅನ್ನ, ಮೈದಾ ಪೂರಿ ಒಗ್ಗಲು ಸಮಯ ಬೇಕು. ನಾರಿನಂಶ ಕಡಿಮೆಯಾಗಿ ಮಲಬದ್ಧತೆ ಬರುತ್ತದೆ. ಬೆಳಗಿನ ತಿಂಡಿ ಬಿಟ್ಟರೆ ಮಧ್ಯಾಹ್ನ ತಲೆನೋವು, ಎದೆಯುರಿ. ತಿಂಡಿ ಬಿಡಬೇಡಿ. ಬಾಳೆಹಣ್ಣು, ಸವತೆಕಾಯಿ, ಮೊಳಕೆ ಕಾಳು, ಹಿಡಿ ಶೇಂಗಾ ಅಗ್ಗವಾಗಿ ಸಿಗುವ ಒಳ್ಳೆಯ ಆಹಾರ. ಮನೆಯಿಂದ ಕಟಕರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಳಿಸಿದರೆ ವಾರಗಟ್ಟಲೆ ಕೆಡುವುದಿಲ್ಲ. ಡಬ್ಬಿಗೆ ಒದ್ದೆ ಚಮಚ ಹಾಕಬಾರದು, ಅಷ್ಟೆ.

ನೀರು ಮತ್ತು ಶೌಚ: ಶೌಚಾಲಯ ಹೊಲಸೆಂದು ನೀರನ್ನೇ ಕುಡಿಯದೆ, ಮೂತ್ರ ತಡೆದುಕೊಂಡು ಕೂರುವುದು ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಇದರಿಂದ ಮೂತ್ರನಾಳದ ಸೋಂಕು ಬರಬಹುದು. ಉರಿಮೂತ್ರ, ಮತ್ತೆ ಮತ್ತೆ ಮೂತ್ರಕ್ಕೆ ಅವಸರ, ಕಿಬ್ಬೊಟ್ಟೆ ನೋವು ಇದರ ಲಕ್ಷಣ. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಇದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕುಡಿಯುವ ನೀರು ಶುದ್ಧವಿಲ್ಲದ ಕಡೆ ಕಾಮಾಲೆ, ವಿಷಮಶೀತಜ್ವರ ಒಬ್ಬರಿಂದ ಒಬ್ಬರಿಗೆ ಹರಡಬಹುದು. ನೀರು ಶುದ್ಧೀಕರಿಸುವ ಯಂತ್ರ ಕೆಟ್ಟಿದ್ದರೆ ಎಲ್ಲರೂ ಸೇರಿ ಬರೆದು ಕೊಡಿ. ಸರಿಯಾಗುವ ತನಕ ಕುದಿಸಿದ ನೀರು ಕೇಳಿ.

ಮುಟ್ಟು: ಊರು ಬದಲಾದ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಮುಟ್ಟು ಹಿಂದೆ ಮುಂದೆ ಆಗುವುದುಂಟು. ಒತ್ತಡ, ನಿದ್ದೆಗೇಡು, ತೂಕ ಇಳಿಯುವುದು ಇದಕ್ಕೆ ಕಾರಣವಾಗಬಹುದು. ಮೂರು ತಿಂಗಳು ಮುಟ್ಟೇ ಆಗದಿದ್ದರೆ, ಇಲ್ಲವೆ ಸ್ರಾವ ಅತಿಯಾಗಿದ್ದರೆ ವೈದ್ಯರಿಗೆ ತೋರಿಸಬೇಕು.

ಚರ್ಮ: ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದು, ಮಣಿಕಟ್ಟು, ಸೊಂಟದ ಬಳಿ ಚಿಕ್ಕ ಗುಳ್ಳೆ ಇದ್ದರೆ ಅದು ತುರಿಕಜ್ಜಿ ಇರಬಹುದು. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳದಿಂದ ಬರುವ ಈ ರೋಗ ಹಾಸ್ಟೆಲುಗಳಲ್ಲಿ ಬೇಗ ಹಬ್ಬುತ್ತದೆ. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಆದ್ದರಿಂದ ತುರಿಕೆ ಇಲ್ಲದವರೂ ಸೇರಿ ಕೋಣೆಯವರೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು. ಒಬ್ಬರು ಬಿಟ್ಟರೂ ರೋಗ ಮರಳುತ್ತದೆ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ದುಂಡಗೆ ಹಬ್ಬುವ ಗಜಕರ್ಣಕ್ಕೆ ಅಂಗಡಿಯವರು ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಮೊದಲು ಇಳಿದಂತೆ ಕಂಡು ಆಮೇಲೆ ಕೆರಳುತ್ತದೆ. ಟವೆಲು, ಬಾಚಣಿಗೆ, ಒಳಉಡುಪು ಎಷ್ಟೇ ಸ್ನೇಹವಿದ್ದರೂ ಹಂಚಿಕೊಳ್ಳಬಾರದು.

ಸಂಗಾತಿಗಳೊಡನೆ

ಕೋಣೆಯಲ್ಲಿ ಜಗಳ ಎಬ್ಬಿಸುವ ವಿಷಯಗಳು ಎಲ್ಲೆಡೆ ಒಂದೇ: ದೀಪ, ಶಬ್ದ, ಕಸ, ಎರವಲು. ಮೊದಲ ವಾರದಲ್ಲೇ ಎಲ್ಲರೂ ಕುಳಿತು ನಾಲ್ಕು ಮಾತಿನ ಒಪ್ಪಂದ ಮಾಡಿಕೊಂಡರೆ ಮುಂದಿನ ಮನಸ್ತಾಪ ಎಷ್ಟೋ ಕಡಿಮೆಯಾಗುತ್ತದೆ. ಕಸ ಹೊಡೆಯುವ ಪಾಳಿಯನ್ನು ಬರೆದು ಬಾಗಿಲ ಹಿಂದೆ ಅಂಟಿಸಿ. ಬೇಸರವಾದಾಗ "ನೀ ಯಾವಾಗ್ಲೂ ಹಿಂಗ" ಎನ್ನುವ ಬದಲು "ಹನ್ನೊಂದರ ಮ್ಯಾಲೆ ಲೈಟ್ ಇದ್ರ ನನಗ ನಿದ್ದಿ ಬರಂಗಿಲ್ಲ" ಎಂದರೆ ಕೇಳುವವನಿಗೆ ಸಿಟ್ಟು ಬರುವುದಿಲ್ಲ.

ಎಲ್ಲರೂ ಪ್ರಾಣಸ್ನೇಹಿತರಾಗಬೇಕಿಲ್ಲ. ಒಬ್ಬರೊಡನೆ ದಿನವೂ ಕೂಡಿ ಉಂಡರೆ ಸಾಕು. ಕೋಣೆ ಹಿಡಿಸದಿದ್ದರೆ ಅಲ್ಲಿ ಮಲಗುವುದಷ್ಟೇ ಮಾಡಿ. ಓದಿಗೆ ಗ್ರಂಥಾಲಯ, ಸಂಜೆಗೆ ಆಟದ ಬಯಲು. ದಿನಕ್ಕೆ ಅರ್ಧ ತಾಸು ಬೆವರು ಬರುವಂತೆ ಆಡಿದರೆ ಮನಸ್ಸು ಹಗುರವಾಗುತ್ತದೆ, ನಿದ್ದೆಯೂ ಬರುತ್ತದೆ. ಪ್ರತಿ ಶನಿವಾರ ಊರಿಗೆ ಓಡಿ ಬಂದರೆ ಹಾಸ್ಟೆಲಿನ ಸ್ನೇಹ ಬೇರುಬಿಡುವುದಿಲ್ಲ. ಮೊದಲ ಕೆಲವು ಶನಿವಾರ ಅಲ್ಲೇ ಉಳಿಯುವುದು ಒಳ್ಳೆಯದು. ಊರಿಗೆ ಬರುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡರೆ ಕಾಯುವುದು ಸುಲಭ.

ಕೋಣೆ ಬದಲಿಗೆ ಕೇಳುವ ಬಗೆ

ಬದಲಾವಣೆ ಕೇಳುವುದು ತಪ್ಪಲ್ಲ. ಬಾಯಿಮಾತಿನಲ್ಲಿ ಗೊಣಗುವುದಕ್ಕಿಂತ ವಾರ್ಡನ್ ಅಥವಾ ನಿಲಯದ ಮೇಲ್ವಿಚಾರಕರ ಹೆಸರಿಗೆ ಚಿಕ್ಕ ಅರ್ಜಿ ಬರೆದು, ದಿನಾಂಕ ಹಾಕಿ, ಒಂದು ನಕಲು ಇಟ್ಟುಕೊಳ್ಳಿ. ಕಾರಣ ಸ್ಪಷ್ಟವಿರಲಿ. ಉಬ್ಬಸ ಇರುವವರಿಗೆ ಬೂಷ್ಟು ಹಿಡಿದ ಕೋಣೆ, ಕಾಲಿನ ತೊಂದರೆ ಇರುವವರಿಗೆ ಮೂರನೆಯ ಮಹಡಿ ನಿಜಕ್ಕೂ ಹಾನಿ. ಇಂಥವರು ವೈದ್ಯರ ಪತ್ರ ಲಗತ್ತಿಸಬೇಕು. ಪ್ರವೇಶದ ಗದ್ದಲ ಮುಗಿದ ಮೇಲೆ ಕೆಲವರು ಬಿಟ್ಟುಹೋಗಿ ಮಂಚಗಳು ಖಾಲಿಯಾಗುವುದುಂಟು. ಆದ್ದರಿಂದ ಮೊದಲ ಸಲ "ಇಲ್ಲ" ಎಂದರೂ ತಿಂಗಳ ನಂತರ ಮತ್ತೊಮ್ಮೆ ಕೇಳಿ. ಸರಕಾರಿ ವಿದ್ಯಾರ್ಥಿನಿಲಯದಲ್ಲಿ ಜಾಗವೇ ಸಿಗದ ಹಿಂದುಳಿದ ವರ್ಗಗಳ ಮಕ್ಕಳು "ವಿದ್ಯಾಸಿರಿ" ನೆರವಿನ ಬಗ್ಗೆ ತಾಲ್ಲೂಕು ಹಿಂದುಳಿದ ವರ್ಗಗಳ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ರ‍್ಯಾಗಿಂಗ್ ಇದ್ದರೆ ಇಷ್ಟು ಕಾಯುವುದು ಬೇಡ. ಪ್ರತಿ ಕಾಲೇಜಿನಲ್ಲೂ ರ‍್ಯಾಗಿಂಗ್ ವಿರೋಧಿ ಸಮಿತಿ ಇರಬೇಕೆಂದು ನಿಯಮವಿದೆ. 1800-180-5522 ಎಂಬ ಉಚಿತ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ದೂರು ಕೊಡಬಹುದು. ಜೀವಕ್ಕೆ ಅಪಾಯವೆನಿಸಿದರೆ ನೇರವಾಗಿ 112ಕ್ಕೆ ಫೋನ್ ಮಾಡಬೇಕು.

ತಂದೆ-ತಾಯಿಗಳಿಗೆ

ಮಗ ಅಳುತ್ತ ಫೋನ್ ಮಾಡಿದಾಗ "ನಾವು ನಿನ್ನ ವಯಸ್ಸಿನಾಗ ಬರೇ ನೆಲದ ಮ್ಯಾಲೆ ಮಲಗಿ ಓದೀವಿ" ಎಂಬ ಮಾತು ಕೂಡಲೇ ಬಾಯಿಗೆ ಬರುತ್ತದೆ. ಅದು ನಿಜವಿರಬಹುದು. ವಾರಾನ್ನ ಉಂಡು, ಮಠಗಳ ಪ್ರಸಾದ ನಿಲಯಗಳಲ್ಲಿ ಸಾಲಾಗಿ ಮಲಗಿ ಓದಿದ ತಲೆಮಾರುಗಳನ್ನು ಉತ್ತರ ಕರ್ನಾಟಕ ಕಂಡಿದೆ. ಆದರೆ ಆ ಹೊತ್ತಿನಲ್ಲಿ ಮಗನಿಗೆ ಇತಿಹಾಸ ಬೇಕಿಲ್ಲ. ಮೊದಲು ಪೂರ್ತಿ ಕೇಳಿ. ಬಳಿಕ ಮೂರು ಪ್ರಶ್ನೆ ಕೇಳಿ: ನಿನ್ನೆ ರಾತ್ರಿ ಎಷ್ಟು ತಾಸು ಮಲಗಿದೆ? ಇವತ್ತು ಏನು ಉಂಡೆ? ಯಾರಾದರೂ ಹೆದರಿಸುತ್ತಾರೆಯೇ? ಎಡಗಡೆ ಪಟ್ಟಿಯ ದೂರೋ ಬಲಗಡೆಯದೋ ಎಂಬುದು ಈ ಉತ್ತರಗಳಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಮಗ ದೂರಿದರೆ "ಹೊಂದ್ಕೊ" ಎನ್ನುವ ಮನೆಯೇ ಮಗಳು ದೂರಿದರೆ "ಹಂಗಾರ ಸಾಲಿ ಸಾಕು, ಮನಿಗೆ ಬಾ" ಎನ್ನುತ್ತದೆ. ಅದರ ಹಿಂದೆಯೇ ವರ ನೋಡುವ ಮಾತೂ ಬರುತ್ತದೆ. ಇದು ಹುಡುಗಿಯರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅವರು ಮೈ ತುರಿಕೆಯನ್ನೂ ಹೇಳುವುದಿಲ್ಲ, ಉರಿಮೂತ್ರವನ್ನೂ ಹೇಳುವುದಿಲ್ಲ, ಹಿಂದೆ ಬಿದ್ದು ಕಾಡುವವನ ಸುದ್ದಿಯನ್ನಂತೂ ಹೇಳುವುದೇ ಇಲ್ಲ. "ನಾ ಆರಾಮ ಅದೀನಿ ಅವ್ವಾ" ಎಂಬ ಒಂದೇ ಉತ್ತರ. ಓದು ನಿಂತುಹೋದೀತೆಂಬ ಹೆದರಿಕೆಯಲ್ಲಿ ಸಣ್ಣ ತೊಂದರೆ ದೊಡ್ಡದಾಗುವ ತನಕ ಒಳಗೇ ಉಳಿಯುತ್ತದೆ.

ಇದಕ್ಕೆ ಪರಿಹಾರ ತಂದೆಯ ಬಾಯಲ್ಲಿದೆ. ಹಾಸ್ಟೆಲಿನ ಬಾಗಿಲಲ್ಲಿ ಟ್ರಂಕು ಇಳಿಸುವ ದಿನವೇ, ತಾಯಿಯ ಎದುರಿನಲ್ಲಿ ತಂದೆ ಬಿಡಿಸಿ ಹೇಳಬೇಕು: "ಏನ ತ್ರಾಸು ಇದ್ರೂ ನಮಗ ಹೇಳು. ಹೇಳಿದಿ ಅಂತ ನಿನ್ನ ಕಾಲೇಜ ಬಿಡಸಂಗಿಲ್ಲ." ಹೇಳಿದ ಮೇಲೆ ಹಾಗೆಯೇ ನಡೆಯಲೂಬೇಕು. ಮಗಳು ದೂರು ಹೇಳಿದರೆ ಹಾಸ್ಟೆಲಿಗೆ ಹೋಗಿ ವಾರ್ಡನರನ್ನು ಕಂಡು ಮಾತಾಡಿ. ಕೋಣೆ ಬದಲಾಗಲಿ, ಬೇಕಿದ್ದರೆ ಹಾಸ್ಟೆಲೇ ಬದಲಾಗಲಿ. ಓದು ಮಾತ್ರ ಮುಂದುವರಿಯಲಿ.

ಯಾವಾಗ ವೈದ್ಯರಲ್ಲಿಗೆ?

ಆರು ವಾರ ಕಳೆದರೂ ಬೇಸರ ಇಳಿಯದೆ ಏರುತ್ತಿದ್ದರೆ, ಅಥವಾ ಈ ಕೆಳಗಿನ ಲಕ್ಷಣಗಳು ಎರಡು ವಾರ ಬಿಡದೆ ಇದ್ದರೆ ಅದನ್ನು ಬರೀ ಮನೆಯ ಹಂಬಲ ಎನ್ನಬಾರದು: ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಬೆಳಗಿನ ಜಾವವೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಬಿಟ್ಟು ತೂಕ ಇಳಿಯುವುದು, ತರಗತಿಗೆ ಹೋಗದೆ ಹಾಸಿಗೆಯಲ್ಲೇ ಉಳಿಯುವುದು, ತಾನು ಕೆಲಸಕ್ಕೆ ಬಾರದವನೆಂದು ಹೇಳುವುದು, ಕುಡಿತ ಅಥವಾ ಗುಟ್ಕಾಕ್ಕೆ ಕೈ ಹಾಕುವುದು. ಇವು ಖಿನ್ನತೆಯ ಸೂಚನೆಗಳಾಗಿರಬಹುದು. ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಧಾರವಾಡದಲ್ಲಿ ಓದುವವರಿಗೆ ಅಲ್ಲಿಯ ಡಿಮ್ಹಾನ್ಸ್ ಸಂಸ್ಥೆ, ಬೆಂಗಳೂರಿನಲ್ಲಿರುವವರಿಗೆ ನಿಮ್ಹಾನ್ಸ್ ಇದೆ.

"ಸಾಯಬೇಕನಸ್ತೈತಿ" ಎಂಬ ಮಾತು ಒಮ್ಮೆ ಬಂದರೂ ತಮಾಷೆಯೆಂದು ಬಿಡಬೇಡಿ. ಅಂದೇ ಹೊರಟು ಮಗುವಿನ ಬಳಿ ಹೋಗಿ. ನೀವು ತಲುಪುವ ತನಕ ಒಬ್ಬರೇ ಇರದಂತೆ ನೋಡಿಕೊಳ್ಳಲು ವಾರ್ಡನರಿಗೂ ಕೋಣೆಯ ಸಂಗಾತಿಗೂ ಫೋನಿನಲ್ಲಿ ತಿಳಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇಪ್ಪತ್ನಾಲ್ಕು ತಾಸೂ ಉಚಿತ. ಕನ್ನಡದಲ್ಲೇ ಮಾತಾಡಬಹುದು. ವಿದ್ಯಾರ್ಥಿಯೂ ಮಾಡಬಹುದು, ಏನು ಮಾಡಬೇಕೆಂದು ತೋಚದ ತಂದೆ-ತಾಯಿಗಳೂ ಮಾಡಬಹುದು.

ಈ ಸಂಖ್ಯೆಯನ್ನೂ ವಾರ್ಡನರ ಫೋನ್ ಸಂಖ್ಯೆಯನ್ನೂ ಕೋಣೆಯ ಸಂಗಾತಿಯೊಬ್ಬರ ಸಂಖ್ಯೆಯನ್ನೂ ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇವತ್ತೇ ಬರೆದಿಡಿ.